ನೆಲವೇ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಪ್ಪತ್ತೆಂಟು ವರ್ಷಗಳಿಂದ ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಕೊಡುತ್ತ ಬಂದಿದ್ದೇನೆ. ಅವರೂ ತಮ್ಮ ತಪ್ಪನ್ನು ಬೇರೆಯವರ ಮೇಲೆ ಹೊರಿಸಬಾರದು ಎಂದು ಅರ್ಧ ಪುಟ ಬರೆದು ಅಂಕ ಪಡೆಯುತ್ತ ಬಂದಿದ್ದಾರೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡಬೇಕು ಟೀಚರ್ ಎಂದು ಒಂದು ಮಗುವೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಹೊಳೆದದ್ದು 2023ರ ದಸರಾ ರಜೆಯಲ್ಲಿ, ಒಂದು ಪಶು ಆಸ್ಪತ್ರೆಯ ಅಂಗಳದಲ್ಲಿ, ನನ್ನ ತಮ್ಮನ ಬಲಗೈ ತೋರುಬೆರಳು ಹಗ್ಗಕ್ಕೂ ಕಬ್ಬಿಣದ ಪೈಪಿಗೂ ನಡುವೆ ಸಿಕ್ಕಿಹಾಕಿಕೊಂಡಾಗ.

ಯಾವ ಊರಿನ ಆಸ್ಪತ್ರೆ ಎಂಬುದು ಬೇಡ. ಅಲ್ಲಿಯ ವೈದ್ಯರು ಒಳ್ಳೆಯವರು, ಕೆಲಸ ಬಲ್ಲವರು. ನಮ್ಮ ತುಂಗೆ ಮೂರು ವರ್ಷದ ಎಚ್.ಎಫ್. ಮಿಶ್ರತಳಿ ಕಡಸು. ಗಬ್ಬದ ಪರೀಕ್ಷೆ ಮಾಡಿಸಬೇಕೆಂದು ತಮ್ಮ ಹೊರಟಿದ್ದ. ರಜೆಯಲ್ಲಿ ತವರಿಗೆ ಬಂದಿದ್ದ ನಾನೂ ಜೊತೆಗೆ ಹೋದೆ. ಮನೆಯಿಂದ ಒಂದೂವರೆ ಮೈಲಿ ದಾರಿಯನ್ನು ತುಂಗೆ ಹಗ್ಗ ಜಗ್ಗದೆ, ನಡುನಡುವೆ ಬೇಲಿಯ ಹಸಿರಿಗೆ ಬಾಯಿ ಹಾಕುತ್ತ ನಡೆದು ಬಂತು. ಆಸ್ಪತ್ರೆಯ ಟ್ರೆವಿಸ್ಸಿನ ಮುಂದೆ ಬಂದದ್ದೇ ತಡ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಟ್ರೆವಿಸ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾಲ್ಕು ಕಂಬ ನೆಟ್ಟು ಅಡ್ಡಡ್ಡ ಪೈಪು ಬೆಸೆದು ಮಾಡಿದ ಚೌಕಟ್ಟು. ಹಸುವನ್ನು ಒಳಗೆ ನಡೆಸಿ ಹಿಂದೊಂದು ಅಡ್ಡಗಳ ಹಾಕಿದರೆ ಅದು ಅಲುಗದೆ ನಿಲ್ಲುತ್ತದೆ, ವೈದ್ಯರ ಕೈಕಾಲು ಉಳಿಯುತ್ತದೆ.

ಮುಂದಿನದು ನಮ್ಮ ನಾಡಿನಲ್ಲಿ ದನ ಸಾಕಿದವರೆಲ್ಲ ಕಂಡಿರುವಂಥದೇ. ಒಬ್ಬ ಬಾಲ ತಿರುಚಿದ. ಇನ್ನೊಬ್ಬ ಹಿಂದಿನಿಂದ ಭುಜ ಕೊಟ್ಟು ನೂಕಿದ. ಚಿಕಿತ್ಸೆಗೆ ಕುರಿ ತಂದಿದ್ದ ಮುದುಕರೊಬ್ಬರು ತಮ್ಮ ಕೋಲನ್ನು ಧಾರಾಳವಾಗಿ ದಾನ ಮಾಡಿದರು. ಎಲ್ಲರೂ ಒಟ್ಟಿಗೆ ಕೂಗಿದರು. ತಮ್ಮ ಮುಂದಿನಿಂದ ಹಗ್ಗವನ್ನು ಪೈಪಿಗೆ ಒಂದು ಸುತ್ತು ಹಾಕಿ ಎಳೆದ. ತುಂಗೆ ಒಂದು ಹೆಜ್ಜೆ ಒಳಗಿಟ್ಟಿತು, ನುಣ್ಣನೆಯ ಸಿಮೆಂಟಿನ ಮೇಲೆ ಗೊರಸು ಜಾರಿತು, ಗಾಬರಿಯಿಂದ ಹಿಂದಕ್ಕೆ ನೆಗೆಯಿತು. ನಾನೂರು ಕಿಲೋ ತೂಕ ಒಮ್ಮೆಲೇ ಹಿಂದಕ್ಕೆ ಜಗ್ಗಿದರೆ ಹಗ್ಗದ ಸುತ್ತಿನೊಳಗಿನ ಬೆರಳಿಗೆ ಏನಾಗುತ್ತದೆ ಎಂದು ವಿವರಿಸುವುದು ಬೇಡ. ಮೊದಲ ಗೆಣ್ಣಿನವರೆಗೆ ಹೋಯಿತು. ಮನುಷ್ಯರ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಓಡುವಾಗ ಹಿಂದಿನಿಂದ ಯಾರೋ ಹೇಳಿದ್ದು ಕಿವಿಗೆ ಬಿತ್ತು: "ಹಸ ಸರೀಗಿಲ್ಲ ಕಣವ್ವ, ತಂಟೆಮಾರಿ. ಮಾರ್ಬುಡಿ ಅದ್ನ."

ರಾತ್ರಿ ಕೈಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ತಮ್ಮನೂ ಅದನ್ನೇ ಹೇಳಿದ. "ಅಕ್ಕ, ಬರೋ ಸಂತೆಗೆ ಹೊಡ್ಕೊಂಡೋಗಿ ಕೊಟ್ಬುಡ್ತೀನಿ." ನನಗೆ ನಿದ್ದೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಮಗುವಿನಂತೆ ಕೈ ನೆಕ್ಕುವ, ಒಂದೂವರೆ ಮೈಲಿ ಸುಮ್ಮನೆ ನಡೆದು ಬಂದ ಹಸು, ಆ ಒಂದು ಗಜ ಜಾಗದಲ್ಲಿ ಮಾತ್ರ ತಂಟೆಮಾರಿ ಆದದ್ದು ಹೇಗೆ? ಶಾಲೆಯಲ್ಲಿ ಇಂಥ ಹುಡುಗರನ್ನು ಕಂಡಿದ್ದೇನೆ. ಎಲ್ಲ ತರಗತಿಯಲ್ಲೂ ಸರಿಯಾಗಿದ್ದು ಒಂದು ಕೋಣೆಯಲ್ಲಿ ಮಾತ್ರ ಪುಂಡಾಟ ಮಾಡುವ ಹುಡುಗ. ಹೋಗಿ ನೋಡಿದರೆ ಅವನ ಜಾಗದಿಂದ ಕಪ್ಪುಹಲಗೆ ಬರಿಯ ಹೊಳಪಾಗಿ ಕಾಣುತ್ತಿರುತ್ತದೆ.

ಮಾರನೆಯ ದಿನ ಅದೇ ಹತ್ತು ಗಂಟೆಗೆ ಒಬ್ಬಳೇ ಆಸ್ಪತ್ರೆಗೆ ಹೋದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಂಗೆಯ ಕಣ್ಣಿನ ಎತ್ತರಕ್ಕೆ ಬಗ್ಗಿ, ಅದು ನಡೆದ ದಾರಿಯಲ್ಲೇ ಟ್ರೆವಿಸ್ಸಿನ ಕಡೆಗೆ ನಡೆದೆ. ಟೀಚರಮ್ಮನಿಗೆ ಏನಾಯಿತೋ ಎಂದು ರಸ್ತೆಯವರು ನಿಂತು ನೋಡಿದರು. ನೋಡಲಿ. ನಾನು ಕಂಡದ್ದನ್ನು ಕೇಳಿ. ಬಾಗಿಲಿಗೆ ಅಡ್ಡವಾಗಿ ಒಂದು ಚರಂಡಿ, ಅದರ ಮೇಲೆ ಕಬ್ಬಿಣದ ಕಂಬಿಗಳ ಮುಚ್ಚಳ. ನಿಂತು ನೋಡಿದರೆ ಮುಚ್ಚಳ, ಬಗ್ಗಿ ನೋಡಿದರೆ ಕಪ್ಪು ಹಳ್ಳ. ಅದರಾಚೆ ತೊಳೆದ ನೀರು ನಿಂತು ಆಕಾಶದ ಹಾಗೆ ಹೊಳೆಯುತ್ತಿತ್ತು. ಮೇಲೆ ತಗಡಿನ ಸೂರು, ಒಳಗೆ ಕತ್ತಲು. ಆ ಕತ್ತಲಿಗೆ ಎದುರಾಗಿ ಪೂರ್ವದ ಬಿಸಿಲು ಒಂದು ಸಂದಿನಿಂದ ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಮುಂದಿನ ಕಂಬಕ್ಕೆ ಯಾವುದೋ ಲಸಿಕಾ ಅಭಿಯಾನದ ಹಳೆಯ ಬ್ಯಾನರಿನ ಚೂರು ಕಟ್ಟಿದ್ದರು. ಅದು ಗಾಳಿಗೆ ಪಟಪಟ ಬಡಿಯುತ್ತಿತ್ತು. ಗೋಮಾತೆಯ ಆರೋಗ್ಯ ಕುರಿತ ಬ್ಯಾನರೇ ಗೋಮಾತೆಯನ್ನು ಹೆದರಿಸುತ್ತಿತ್ತು! ನಾನಾಗಿದ್ದರೂ ಒಳಗೆ ಹೋಗುತ್ತಿರಲಿಲ್ಲ.

ಇದು ನನ್ನ ಸಂಶೋಧನೆ ಎಂದು ಎರಡು ದಿನ ಬೀಗಿದೆ. ಆಮೇಲೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನಿನಲ್ಲಿ ಹೇಳಿದೆ. ಅವಳು ನಕ್ಕು, "ಮಿಸ್, ಇದನ್ನ ಅಮೆರಿಕದಲ್ಲಿ ಒಬ್ಬರು ಐವತ್ತು ವರ್ಷದ ಹಿಂದೇನೇ ಮಾಡಿದ್ದಾರೆ" ಎಂದಳು. ಟೆಂಪಲ್ ಗ್ರ್ಯಾಂಡಿನ್ ಎಂಬ ಹೆಣ್ಣುಮಗಳು. 1947ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು. ಮೂರು ವರ್ಷ ದಾಟಿದರೂ ಮಾತು ಬರಲಿಲ್ಲ. ಆಟಿಸಂ ಇದ್ದ ಮಗು. ಚಿಕ್ಕಮ್ಮನ ಅರಿಜೋನಾದ ದನದ ಫಾರಂನಲ್ಲಿ, ಚುಚ್ಚುಮದ್ದು ಹಾಕಲು ದನವನ್ನು ಎರಡು ಕಡೆಯಿಂದ ಮೆಲ್ಲಗೆ ಒತ್ತಿ ಹಿಡಿಯುವ ಚೌಕಟ್ಟನ್ನು ಕಂಡ ಆ ಹುಡುಗಿ, ಅದರಲ್ಲಿ ತಾನೇ ಹೊಕ್ಕು ನಿಂತಳು. ತನ್ನ ಸ್ವಂತ ಗಾಬರಿಯೂ ಅದರಲ್ಲಿ ಇಳಿಯುವುದನ್ನು ಕಂಡು ತನಗೊಂದು ಅಂಥದೇ ಮಾಡಿಕೊಂಡಳು. ಉಳಿದವರು ಇದೊಂದು ಹುಚ್ಚು ಎಂದಾಗ, ಹೀಗೇಕಾಗುತ್ತದೆ ಎಂದು ಓದಿ ಕಂಡುಹಿಡಿ ಎಂದವರು ಶಾಲೆಯ ವಿಜ್ಞಾನದ ಮೇಷ್ಟರು, ಕಾರ್ಲಾಕ್ ಎಂಬುವರು. (ಈ ಸಾಲನ್ನು ನಾನು ಸಹೋದ್ಯೋಗಿಗಳಿಗಾಗಿ ಸೇರಿಸಿದ್ದೇನೆ.) ಮುಂದೆ ಆಕೆ ಪ್ರಾಣಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಕೊಲೊರಾಡೋದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ದನಗಳು ಯಾಕೆ ಮುಂದೆ ಹೋಗುತ್ತಿಲ್ಲ ಎಂದು ಕೇಳಿದರೆ, ಆಕೆ ದನಗಳು ಹೋಗುವ ಓಣಿಯಲ್ಲಿ ತಾನೇ ಬಗ್ಗಿ ನಡೆದು ನೋಡುತ್ತಿದ್ದರು. ನೇತಾಡುವ ಒಂದು ಸರಪಳಿ, ಬೇಲಿಯ ಮೇಲೆ ಯಾರೋ ಬಿಟ್ಟ ಕೋಟು, ನೆಲದ ಮೇಲಿನ ನೆರಳಿನ ಗೆರೆ, ಹೊಳೆಯುವ ಕೊಚ್ಚೆ: ಇಷ್ಟೇ ಕಾರಣ.

ಹಸುವಿನ ಕಣ್ಣು ನಮ್ಮ ಕಣ್ಣಲ್ಲ. ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದು ತಲೆ ತಿರುಗಿಸದೆ ಮುನ್ನೂರು ಡಿಗ್ರಿಗೂ ಹೆಚ್ಚು ಸುತ್ತಳತೆಯನ್ನು ನೋಡಬಲ್ಲುದು. ನೇರ ಬೆನ್ನ ಹಿಂದೆ ಮಾತ್ರ ಕುರುಡು. ನಾವು ನೂಕಲು ನಿಲ್ಲುವುದು ಸರಿಯಾಗಿ ಅಲ್ಲೇ! ಕಾಣದ ಕಡೆಯಿಂದ ಕೈ ಬಿದ್ದರೆ ಒದೆಯದೆ ಇನ್ನೇನು ಮಾಡೀತು? ಎರಡೂ ಕಣ್ಣು ಕೂಡಿ ಆಳವನ್ನು ಅಳೆಯುವುದು ಮೂಗಿನ ಮುಂದಿನ ಕಿರಿದಾದ ಜಾಗದಲ್ಲಿ ಮಾತ್ರ. ಹಾಗಾಗಿ ನೆಲದ ಮೇಲಿನ ಕಪ್ಪು ಗೆರೆ ನೆರಳೋ ಕಂದರವೋ ಎಂದು ತಿಳಿಯಲು ಅದು ನಿಂತು, ತಲೆ ತಗ್ಗಿಸಿ, ಮೂಸಿ ನೋಡಬೇಕು. ಅದಕ್ಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷವನ್ನು ನಾವು ಕೊಡುವುದಿಲ್ಲ, ಬಾಲ ತಿರುಚುತ್ತೇವೆ. ಕೆಂಪು ಬಟ್ಟೆ ಕಂಡರೆ ಹೋರಿ ಕೆರಳುತ್ತದೆ ಎಂಬುದೂ ಸುಳ್ಳು, ಅದಕ್ಕೆ ಕೆಂಪು ಕೆಂಪಾಗಿ ಕಾಣುವುದೇ ಇಲ್ಲ. ಕೆರಳಿಸುವುದು ಬಟ್ಟೆಯ ಬಡಿತ. ಕಿವಿಯಂತೂ ನಮಗೆ ಕೇಳಿಸದ ತೀಕ್ಷ್ಣ ಸದ್ದುಗಳನ್ನೂ ಹಿಡಿಯುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಟ್ರೆವಿಸ್ಸಿನಲ್ಲಿ ಐದು ಜನ ಕೂಗಿದರೆ ಅದಕ್ಕೆ ಹೇಗಾಗಬೇಡ? ಒಮ್ಮೆ ಹೆದರಿದ ದನ ತಣ್ಣಗಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆಂದು ಗ್ರ್ಯಾಂಡಿನ್ ಹೇಳುತ್ತಾರೆ. ಹೆದರಿದ ಹಸು ಹಾಲು ಇಳಿಸುವುದಿಲ್ಲ ಎಂಬುದನ್ನು ಮಾತ್ರ ಯಾವ ಅಮೆರಿಕದವರೂ ನಮ್ಮ ಅಜ್ಜಿಗೆ ಹೇಳಬೇಕಾಗಿರಲಿಲ್ಲ. ಹಾಲು ಕರೆಯುವ ಹೊತ್ತಿನಲ್ಲಿ ಕೊಟ್ಟಿಗೆಯ ಹತ್ತಿರ ನಾವು ಮಕ್ಕಳು ಕೆಮ್ಮಿದರೂ ಅಜ್ಜಿ ಚೆಂಬು ಎತ್ತಿ ಹೊಡೆಯಲು ಬರುತ್ತಿದ್ದಳು.

ಇದನ್ನೆಲ್ಲ ಹೇಳಿದಾಗ ಎರಡು ಬಗೆಯ ಆಕ್ಷೇಪ ಬಂತು. ಮೊದಲನೆಯದು ಬಹಳ ಸಾತ್ವಿಕವಾದದ್ದು. ಊರಿನ ಹಿರಿಯರೊಬ್ಬರು, ಆಕೆ ಕಸಾಯಿಖಾನೆಗೆ ನಕ್ಷೆ ಮಾಡಿದವಳಲ್ಲವೇ, ಅವಳಿಂದ ನಾವು ಗೋವಿನ ಬಗ್ಗೆ ಕಲಿಯಬೇಕೇ ಎಂದರು. ನಿಜ, ಆಕೆಯ ದೊಡ್ಡ ಕೆಲಸ ನಡೆದದ್ದು ಅಲ್ಲಿಯೇ. ಆದರೆ ನನಗೆ ನಾಚಿಕೆಯಾದದ್ದೂ ಅಲ್ಲಿಯೇ. ಕೊಲ್ಲಲು ಒಯ್ಯುವ ದನ ಕೊನೆಯ ಓಣಿಯಲ್ಲಿ ಹೆದರಬಾರದೆಂದು ಅವರು ಓಣಿಯನ್ನು ಬಾಗಿಸಿದರು, ಪಕ್ಕದ ಗೋಡೆಯನ್ನು ಸಂದಿಲ್ಲದಂತೆ ಮುಚ್ಚಿದರು, ಬೆಳಕಿನ ದಿಕ್ಕು ಲೆಕ್ಕ ಹಾಕಿದರು, ಸದ್ದು ಮಾಡುವ ಕಬ್ಬಿಣಕ್ಕೆ ರಬ್ಬರು ಹಾಕಿಸಿದರು. ಬದುಕಿಸಲು ಒಯ್ಯುವ ದನಕ್ಕೆ ನಾವು ಏನು ಮಾಡಿದ್ದೇವೆ? ಹಣೆಗೆ ಕುಂಕುಮ ಇಟ್ಟಿದ್ದೇವೆ. 2021ರಲ್ಲಿ ಬಲಿಪಾಡ್ಯಮಿಯ ದಿನ ಮುಜರಾಯಿ ದೇವಸ್ಥಾನಗಳಲ್ಲಿ ಗೋಪೂಜೆ ಮಾಡಬೇಕೆಂದು ಸರ್ಕಾರದ ಆದೇಶವೇ ಬಂದಿತ್ತು. ಪೂಜೆ ಬೇಡ ಎನ್ನುವವಳಲ್ಲ ನಾನು; ನಮ್ಮ ಮನೆಯಲ್ಲೂ ಆರತಿ ಎತ್ತುತ್ತೇವೆ. ಆದರೆ ಆರತಿ ತಟ್ಟೆಯ ಹಿಂದೆ ನಿಂತು ಎಷ್ಟು ಹೊತ್ತು ಮುಖ ಮರೆಸಿಕೊಳ್ಳುವುದು? ಪ್ರತಿ ವರ್ಷ ಗೋವಿನ ಹಾಡಿನ ಪಾಠ ಮಾಡುವಾಗ ಮಕ್ಕಳು ಅಳುತ್ತಾರೆ, ನಾನೂ ಅತ್ತಿದ್ದೇನೆ. ಅತ್ತು ಹೊರಗೆ ಬಂದರೆ ಶಾಲೆಯ ಮುಂದಿನ ರಸ್ತೆಯಲ್ಲಿ ಒಂದು ಹಸುವನ್ನು ಟೆಂಪೋಗೆ ಹತ್ತಿಸಲು ನಾಲ್ವರು ಹೊಡೆಯುತ್ತಿರುತ್ತಾರೆ.

ಈ ಮಾತು ಹೇಳಿದ ಮೇಲೆ ಸಂಕ್ರಾಂತಿಯ ಕಿಚ್ಚಿನ ವಿಷಯವನ್ನೂ ಹೇಳಿಬಿಡಬೇಕು. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಅಲಂಕಾರ ಮಾಡಿದ ದನಗಳನ್ನು ಉರಿಯುವ ಹುಲ್ಲಿನ ಮೇಲೆ ಹಾಯಿಸುತ್ತೇವೆ. ಮೈಮೇಲಿನ ಉಣ್ಣೆ ಸಾಯುತ್ತದೆ ಎಂದು ಸಮರ್ಥನೆ. ವರ್ಷಕ್ಕೊಮ್ಮೆ ಒಂದು ಕ್ಷಣದ ಬೆಂಕಿಗೆ ಉಣ್ಣೆ ಸಾಯುವುದಾದರೆ ಆಸ್ಪತ್ರೆಯಲ್ಲಿ ಔಷಧಿ ಯಾಕೆ ಇಟ್ಟಿದ್ದಾರೆ? ಇದಕ್ಕೆ ನನ್ನ ಮೇಲೆ ಸಿಟ್ಟಾಗುವವರಿದ್ದಾರೆ. ನನ್ನ ತಮ್ಮನೇ ಮೊದಲಿಗ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅಲ್ಲಿ ಸಾವಿರಾರು ದನ, ಹಗ್ಗ ಕಾಣದ ಕಾಡುದನದಂಥವು; ಇಲ್ಲಿ ಮನೆಗೆರಡು ಹಸು, ಮೂಗುದಾರ ಹಾಕಿ ಸಾಕಿದವು; ಆ ಲೆಕ್ಕ ಇಲ್ಲಿಗೆ ಬಾರದು ಎಂಬುದು. ಅರ್ಧ ಒಪ್ಪುತ್ತೇನೆ. ಮನುಷ್ಯರನ್ನೇ ಕಾಣದ ದನದ ಸುತ್ತ ಒಂದು ಕಾಣದ ವೃತ್ತವಿರುತ್ತದೆ, ಅದರೊಳಗೆ ಕಾಲಿಟ್ಟರೆ ದನ ಸರಿಯುತ್ತದೆ; ಭುಜಕ್ಕಿಂತ ಹಿಂದೆ ನಿಂತರೆ ಮುಂದಕ್ಕೆ, ಭುಜಕ್ಕಿಂತ ಮುಂದೆ ನಿಂತರೆ ಹಿಂದಕ್ಕೆ. ನಮ್ಮ ತುಂಗೆಗೆ ಆ ವೃತ್ತವೇ ಇಲ್ಲ. ಅದನ್ನು ಅಟ್ಟಬೇಕಾಗಿಲ್ಲ, ಕರೆದರೆ ಸಾಕು. ಹಾಗಿದ್ದರೆ ನಮ್ಮ ಕೆಲಸ ಅವರದಕ್ಕಿಂತ ಸುಲಭವಾಗಬೇಕಿತ್ತು. ಅವರಿಗೆ ಮೈಲುಗಟ್ಟಲೆ ಬೇಲಿ ಬೇಕು, ನಮಗೆ ಬೇಕಾದದ್ದು ಜಾರದ ಹತ್ತಡಿ ನೆಲ. ಅದನ್ನೂ ಮಾಡದವರು ನಾವು.

ಮನೆಗೆ ಎರಡೇ ಹಸು ಇರಬಹುದು, ಊರಿಗೆ ಮುನ್ನೂರು ಇವೆಯಲ್ಲ! ಕಾಲುಬಾಯಿ ಜ್ವರದ ವಿರುದ್ಧ 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಮೇಲೆ ದೇಶದ ದನ, ಎಮ್ಮೆಗಳಿಗೆಲ್ಲ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಬೇಕೆಂದು ಗೊತ್ತಾಗಿದೆ. ಪ್ರತಿಯೊಂದರ ಕಿವಿಗೂ ಹನ್ನೆರಡು ಅಂಕಿಯ ಓಲೆ. ಒಳ್ಳೆಯ ಕೆಲಸ. ಆದರೆ ವರ್ಷಕ್ಕೆ ಎರಡು ಸಲ ಊರಿನ ಪ್ರತಿ ದನವನ್ನೂ ಹಿಡಿದು ನಿಲ್ಲಿಸಬೇಕಾದ ಕಡೆ, ಎಲ್ಲಿ ನಿಲ್ಲಿಸುವುದು, ಯಾವ ಕಡೆಯಿಂದ ತಂದು ಯಾವ ಕಡೆ ಬಿಡುವುದು ಎಂದು ಯಾರೂ ಯೋಚಿಸಿದಂತಿಲ್ಲ. ನಮ್ಮೂರಿನಲ್ಲಿ ಇದು ನಡೆಯುವುದು ಹಾಲಿನ ಡೈರಿಯ ಮುಂದಿನ ರಸ್ತೆಯಲ್ಲಿ, ಬಸ್ಸಿನ ಹಾರನ್ನಿನ ನಡುವೆ. ಚುಚ್ಚಿಸಿಕೊಂಡ ದನ ಬರುವ ದನಕ್ಕೆ ಎದುರಾಗಿಯೇ ಹಿಂದಿರುಗಬೇಕು. ಗುದ್ದಿಸಿಕೊಂಡವರು, ತುಳಿಸಿಕೊಂಡವರು ಪ್ರತಿ ಸಲವೂ ಇರುತ್ತಾರೆ, ಲಸಿಕೆ ಹಾಕುವ ಹುಡುಗರನ್ನೂ ಸೇರಿಸಿ. ಆಮೇಲೆ, ಚುಚ್ಚಿಸಿದರೆ ಹಾಲು ಕಡಿಮೆಯಾಗುತ್ತದೆ ಎಂದು ಮುಂದಿನ ಸಲ ಹಸುವನ್ನು ಬಚ್ಚಿಡುವ ಮನೆಗಳೂ ಇವೆ. ಹಾಲು ಕಡಿಮೆಯಾದದ್ದರಲ್ಲಿ ಲಸಿಕೆಯ ಪಾಲೆಷ್ಟು, ಬೀದಿಯ ಗಾಬರಿಯ ಪಾಲೆಷ್ಟು?

ಲಾರಿಗೆ ಹತ್ತಿಸುವುದು ಇನ್ನೊಂದು ಕಥೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಹಳ್ಳಿಕಾರ್ ಎತ್ತಿನ ಒಂದು ಜೋಡಿಗೆ ಲಕ್ಷಗಟ್ಟಲೆ ಕೊಡುತ್ತಾರೆ, ಬೆಳ್ಳಿಯ ಕೊಂಬಿನ ಕಳಸ ಹಾಕುತ್ತಾರೆ, ಮೆರವಣಿಗೆ ಮಾಡುತ್ತಾರೆ. ಸಂಜೆ ಅದೇ ಎತ್ತನ್ನು ಲಾರಿಗೆ ಹತ್ತಿಸಲು ಒಂದು ದಿಣ್ಣೆ ಹುಡುಕುತ್ತ ಅಲೆಯುತ್ತಾರೆ. ದಿಣ್ಣೆ ಸಿಕ್ಕರೆ ಪುಣ್ಯ. ಸಿಗದಿದ್ದರೆ ಒಂದು ಹಲಗೆ. ದನಗಳ ಸಾಗಣೆಗೆ ಕಾನೂನಿಲ್ಲವೆಂದಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಎಲ್ಲವೂ ಇದೆ: ಹತ್ತಿಸಲು ತಕ್ಕ ಕಟ್ಟೆ ಇರಬೇಕು, ಲಾರಿಯ ನೆಲಕ್ಕೆ ಜಾರದಂತೆ ತೆಂಗಿನ ನಾರಿನ ಚಾಪೆಯನ್ನೋ ಹಲಗೆಯನ್ನೋ ಹಾಸಬೇಕು, ಆರಕ್ಕಿಂತ ಹೆಚ್ಚು ದನ ತುಂಬಬಾರದು, ಹೆದರದಂತೆ ಆದಷ್ಟೂ ಎಂಜಿನಿನ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು. ಕಾನೂನು ಮಾಡಿದವರು ದನದ ಕಣ್ಣಿನಿಂದ ನೋಡಿದ್ದರು. ಕಟ್ಟೆ ಕಟ್ಟಬೇಕಾದವರು ನೋಡಲಿಲ್ಲ.

ಕಟ್ಟುವುದೇನು ಕಷ್ಟ? ಏಳನೆಯ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ. ದನ ಹತ್ತುವ ಮೆಟ್ಟಿಲು ನಾಲ್ಕಂಗುಲಕ್ಕಿಂತ ಎತ್ತರವಿರಬಾರದು, ಹನ್ನೆರಡಂಗುಲಕ್ಕಿಂತ ಕಿರಿದಿರಬಾರದು. ಲಾರಿಯ ನೆಲ ನಾಲ್ಕಡಿ ಎತ್ತರ. ಮೇಲೆ ಹೋದ ದನ ಲಾರಿಗೆ ಕಾಲಿಡುವ ಮೊದಲು ನಾಲ್ಕೂ ಕಾಲು ಸಮತಟ್ಟಿನಲ್ಲಿ ಊರಿ ನಿಲ್ಲಲು ಐದಡಿ ಜಾಗ ಬೇಕು. ಒಟ್ಟು ಉದ್ದವೆಷ್ಟು? ಹನ್ನೆರಡು ಮೆಟ್ಟಿಲು, ಹನ್ನೆರಡಡಿ, ಮೇಲೆ ಐದು: ಹದಿನೇಳಡಿ ಎಂದು ಹಿಂದಿನ ಬೆಂಚಿನ ಹುಡುಗ, ಅವನೂ ದನ ಕಾಯುವ ಮನೆಯವನೇ, ಮೊದಲು ಕೈ ಎತ್ತಿದ. ಹದಿನೇಳಡಿ ಕಲ್ಲು ಮಣ್ಣಿನ ಕೆಲಸ. ಎರಡು ಪಕ್ಕಕ್ಕೆ ಬಿದಿರಿನ ತಡಿಕೆ ಕಟ್ಟಿದರೆ ಕೆಳಗಿನ ಗದ್ದಲ ದನಕ್ಕೆ ಕಾಣುವುದಿಲ್ಲ. ಹುಡುಗ ಇನ್ನೊಂದು ಮಾತು ಸೇರಿಸಿದ: "ಮಿಸ್, ಪಕ್ಕದ್ಮನೆ ಎಮ್ಮೆ ಮುಂದೆ ಹೋದ್ರೆ ನಮ್ಮೆಮ್ಮೆ ಸುಮ್ನೆ ಹತ್ತುತ್ತೆ." ಒಂಟಿಯಾದ ದನವೇ ಹೆಚ್ಚು ಹೆದರುವುದು ಎಂದು ಪುಸ್ತಕಗಳಲ್ಲಿ ಓದಿ ನಾನು ತಿಳಿದದ್ದು ಅವನಿಗೆ ಹುಟ್ಟಿನಿಂದ ಗೊತ್ತಿತ್ತು. ಆದರೆ ಎಸ್ಟಿಮೇಟು ಬರೆಯುವವರು ಅವನನ್ನು ಕೇಳುವುದಿಲ್ಲ.

ಆಸ್ಪತ್ರೆಯ ವೈದ್ಯರಿಗೆ ನಾನು ಕಂಡದ್ದನ್ನು ಹೇಳಿದೆ. ಅವರು ಬೇಸರ ಮಾಡಿಕೊಳ್ಳದೆ ನನ್ನಂತೆಯೇ ಬಗ್ಗಿ ನೋಡಿದರು, ದೊಡ್ಡ ಮನಸ್ಸು. ಬ್ಯಾನರು ಆಗಲೇ ಹೋಯಿತು. ಬಿಸಿಲ ಸಂದಿಗೆ ಗೋಣಿಚೀಲ ಕಟ್ಟಿದೆವು. ಚರಂಡಿಯ ಮೇಲೆ ಹಲಗೆ ಹಾಕಿ ಮಣ್ಣು ಹರಡಿದೆವು, ನೆಲಕ್ಕೆ ಮರಳು ಚೆಲ್ಲಿದೆವು. ಖರ್ಚು ಏನೂ ಇಲ್ಲ. ಮೂರು ವಾರದ ಮೇಲೆ ಪಕ್ಕದ ಮನೆಯ ಮುದಿ ಹಸುವನ್ನು ಜೊತೆಗೆ ಹೊಡೆದುಕೊಂಡು, ತುಂಗೆಯನ್ನು ನಾನೇ ಕರೆದೊಯ್ದೆ. ತಮ್ಮ ಬರಲಿಲ್ಲ. ಮೊದಲ ಸಲದ ನೆನಪು ಅದಕ್ಕೆ ಹೋಗಿರಲಿಲ್ಲ, ಬಾಗಿಲಲ್ಲಿ ನಿಂತಿತು. ಯಾರೂ ಕೂಗಬೇಡಿ ಎಂದು ಕೈಮುಗಿದೆ. ತಲೆ ತಗ್ಗಿಸಿ ಮರಳನ್ನು ಮೂಸಿತು, ಒಂದು ಸಲ ಬುಸ್ ಎಂದಿತು, ಆಮೇಲೆ ಮುದಿ ಹಸುವಿನ ಬೆನ್ನ ಕಡೆ ನೋಡುತ್ತ ಒಳಗೆ ನಡೆಯಿತು. ಗಬ್ಬ ನಿಂತಿತ್ತು.

ಮರಳು ಎರಡು ಮಳೆಗೆ ತೊಳೆದುಹೋಯಿತು. ನೆಲಕ್ಕೆ ಅಂಗುಲದಾಳದ ಗೀರು ಹೊಡೆಸಿ, ಚರಂಡಿಯನ್ನು ಬಾಗಿಲಿನಿಂದ ಆಚೆಗೆ ತಿರುಗಿಸಿ, ಹೊರಗೊಂದು ಹದಿನೇಳಡಿ ಕಟ್ಟೆ ಕಟ್ಟಿಸಿಕೊಡಿ ಎಂದು ಮಕ್ಕಳ ಲೆಕ್ಕವನ್ನೂ ಲಗತ್ತಿಸಿ ಸಂಬಂಧಪಟ್ಟವರಿಗೆ ಅರ್ಜಿ ಬರೆದೆ. ಕಟ್ಟಡ ಇಲಾಖೆಯ ಮಾದರಿ ನಕ್ಷೆಯಂತೆಯೇ ಇದೆ, ಮಾರ್ಪಾಡಿಗೆ ಅವಕಾಶವಿಲ್ಲ ಎಂದು ಮೊದಲ ಉತ್ತರ. ಅನುದಾನ ಲಭ್ಯವಾದಲ್ಲಿ ಪರಿಶೀಲಿಸಲಾಗುವುದು ಎಂದು ಎರಡನೆಯದು. ಆ ನಕ್ಷೆ ಬರೆದವರು ಯಾರೇ ಆಗಲಿ, ಒಂದು ಸಲ ಬಂದು ನಮ್ಮೊಂದಿಗೆ ಬಗ್ಗಿ ನಡೆದುಹೋಗಲಿ ಎಂದು ಮೂರನೆಯ ಅರ್ಜಿಯಲ್ಲಿ ಬರೆದಿದ್ದೇನೆ. ಅದಕ್ಕೆ ಉತ್ತರ ಬಂದಿಲ್ಲ.

ತುಂಗೆಯನ್ನು ಮಾರಲಿಲ್ಲ. ತಮ್ಮ ಈಗ ನಾಲ್ಕು ಬೆರಳಿನಲ್ಲೇ ಹಾಲು ಕರೆಯುವುದನ್ನು ರೂಢಿ ಮಾಡಿಕೊಂಡಿದ್ದಾನೆ. ಮುಂದಿನ ಲಸಿಕೆಯ ದಿನ ಡಂಗುರ ಹೊಡೆಸಿದ ಕೂಡಲೇ ಫೋನು ಮಾಡು, ಎರಡು ಮೂಟೆ ಮರಳು ಎತ್ತಿಟ್ಟಿರು ಎಂದು ಅವನಿಗೆ ಹೇಳಿದ್ದೇನೆ.